ಕೆಮ್ಮಿನವರು ಆಸ್ಪತ್ರೆಗೆ ಬಂದಿದ್ದರು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ತಿಕೋಟಾ, ಅದನ್ನು ದಾಟಿದರೆ ಅಥಣಿ, ಆಮೇಲೆ ಕಾಗವಾಡ, ಮಿರಜ. ಈಗ ಈ ದಾರಿಯಲ್ಲಿ ಒಣದ್ರಾಕ್ಷಿ ಹೇರಿಕೊಂಡ ಗಾಡಿಗಳು ಓಡಾಡುತ್ತವೆ. ನೂರು ವರ್ಷದ ಹಿಂದೆ ಇದು ರೋಗಿಗಳ ದಾರಿ. ಊರ ವೈದ್ಯ ಕೈಚೆಲ್ಲಿದ ಮೇಲೆ ‘ಮಿರಜಕ್ಕ ಒಯ್ರಿ’ ಎನ್ನುವುದು ಈ ಸೀಮೆಯಲ್ಲಿ ಕೊನೆಯ ಸಲಹೆಯಾಗಿತ್ತು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ ಬಂದಿದ್ದ ಕೆನಡಾದ ವೈದ್ಯ ವಿಲಿಯಂ ವಾನ್‌ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ್ದ. ಮುಂದೆ ಮಿರಜ–ಸಾಂಗಲಿ ನಡುವೆ ಕ್ಷಯರೋಗಿಗಳಿಗೆಂದೇ ಒಂದು ಆರೋಗ್ಯಧಾಮ ಎದ್ದಿತು. ಆ ಜಾಗಕ್ಕೆ ವಾನ್‌ಲೆಸ್‌ವಾಡಿ ಎಂಬ ಹೆಸರೇ ಬಿತ್ತು. ಆಗಿನ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿನವರ ಕಣ್ಣು ಸಹಜವಾಗಿ ಸೊಲ್ಲಾಪುರ, ಮಿರಜ, ಪುಣೆಗಳ ಕಡೆಗಿತ್ತು.

ಹಳೆಯ ಮೈಸೂರಿನವರಿಗೆ ಬೇರೆ ದಾರಿ. ಅರಸು ಮನೆತನದ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಒಬ್ಬರ ಹಿಂದೊಬ್ಬರು ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಎದ್ದ ಆರೋಗ್ಯಧಾಮವನ್ನು ಜನ ಇವತ್ತಿಗೂ ಪಿ.ಕೆ.ಟಿ.ಬಿ. ಆಸ್ಪತ್ರೆ ಎನ್ನುತ್ತಾರೆ. ಅರಮನೆಯ ಗೋಡೆಗಳನ್ನೂ ದಾಟಿದ ಬೇನೆ ಇದು. ಗಡಿಯಾಚೆ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಎಂಬಲ್ಲಿ 1915ರಿಂದ ಮಿಷನ್ನುಗಳು ಕೂಡಿ ನಡೆಸುತ್ತಿದ್ದ ದೊಡ್ಡ ಆರೋಗ್ಯಧಾಮವಿತ್ತು. ಡೆನ್ಮಾರ್ಕಿನ ಫ್ರಿಮೊಟ್ ಮೊಲ್ಲರ್ ಅಪ್ಪ–ಮಗ ಇಬ್ಬರೂ ಅಲ್ಲಿ ದುಡಿದರು.

ಎಲ್ಲ ಕಡೆಯೂ ಉಪಚಾರ ಒಂದೇ: ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಗಟ್ಟಿಮುಟ್ಟಾದ ಕೆಲವರಿಗೆ ಎದೆಯೊಳಗೆ ಗಾಳಿ ತುಂಬಿ ಕೆಟ್ಟ ಶ್ವಾಸಕೋಶವನ್ನು ಮಡಿಚಿಡುವ ಚಿಕಿತ್ಸೆ. ಎರಡೆಕರೆ ಎರೆ ಹೊಲದಲ್ಲಿ ಹಿಂಗಾರಿ ಜೋಳ ನಂಬಿ ಬದುಕಿದವನು ಒಂದು ವರ್ಷ ಮಂಚದ ಮೇಲೆ ಮಲಗಿದರೆ ಮನೆಯವರು ಏನು ತಿನ್ನಬೇಕು ಎಂಬುದು ಆ ವೈದ್ಯಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ. ಅದು ಬಡವರ ಚಿಕಿತ್ಸೆಯಾಗಿರಲೇ ಇಲ್ಲ. ದಾನದ ಹಾಸಿಗೆ ಸಿಕ್ಕ ಕೆಲವರು ಬಚಾವಾದರು, ಅಷ್ಟೆ.

ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದೇ ಹೊತ್ತಿಗೆ ಕ್ಷಯದ ಲೆಕ್ಕಾಚಾರವೂ ತಲೆಕೆಳಗಾಗುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955ರಿಂದ 1958ರವರೆಗೆ ದೇಶದ ಆರು ವಲಯಗಳಲ್ಲಿ ಎಕ್ಸ್‌ರೇ ಗಾಡಿಗಳನ್ನು ಹಳ್ಳಿಹಳ್ಳಿಗೆ ಒಯ್ದು ಸಮೀಕ್ಷೆ ನಡೆಸಿತು. ಕ್ಷಯವೆಂದರೆ ಗಿರಣಿ ಊರಿನ, ಗಲ್ಲಿಗಳ, ಹೊಗೆಯ ರೋಗ ಎಂಬುದು ಅಲ್ಲಿಯವರೆಗಿನ ನಂಬಿಕೆ. ಬಂದ ಫಲಿತಾಂಶ ಬೇರೆ: ಹಳ್ಳಿಯಲ್ಲೂ ಪೇಟೆಯಲ್ಲೂ ರೋಗ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಸಾವಿರ ಜನಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ರೋಗಾಣು. ಮುಕ್ಕಾಲುಪಾಲಿಗೂ ಹೆಚ್ಚು ಜನ ಹಳ್ಳಿಯಲ್ಲೇ ಇದ್ದ ದೇಶದಲ್ಲಿ ಅದರ ಅರ್ಥವೇನು? ರೋಗಿಗಳ ಸಂಖ್ಯೆ ಲಕ್ಷಗಳಲ್ಲಿ, ಆರೋಗ್ಯಧಾಮಗಳ ಹಾಸಿಗೆಗಳ ಸಂಖ್ಯೆ ಇನ್ನೂ ಸಾವಿರಗಳಲ್ಲಿ.

ಅಷ್ಟರಲ್ಲಿ ಔಷಧ ಬಂದಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, ಅದರ ಬೆನ್ನಿಗೇ ಪಾಸ್ ಎಂಬ ಗುಳಿಗೆ, 1952ರಲ್ಲಿ ಅಗ್ಗದ ಐಸೊನಯಾಜಿಡ್. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೊಸ ಮದ್ದು ಕೊಟ್ಟು ಹೋಲಿಸುವ ಪದ್ಧತಿಯನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ನಿನ ಮೇಲೆಯೇ ಪಳಗಿಸಿಕೊಂಡಿತ್ತು. ಆ ಮಂಡಳಿಯ ವ್ಯಾಲೇಸ್ ಫಾಕ್ಸ್ ಎಂಬ ವೈದ್ಯ 1956ರಲ್ಲಿ ಮದರಾಸಿಗೆ ಬಂದ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಸಂಶೋಧನಾ ಮಂಡಳಿಗಳು ಕೂಡಿ ಅಲ್ಲೊಂದು ಕ್ಷಯ ಔಷಧ ಚಿಕಿತ್ಸಾ ಕೇಂದ್ರ ತೆರೆದವು. ಕೇಳಿದ ಪ್ರಶ್ನೆ ಸರಳವಾಗಿತ್ತು: ಮಾತ್ರೆ ಒಂದೇ ಆದರೆ ಮಂಚ ಬೇಕೆ?

193 ರೋಗಿಗಳು. ಅರ್ಧದಷ್ಟು ಜನ ತಾಂಬರಂ ಆರೋಗ್ಯಧಾಮಕ್ಕೆ, ಇನ್ನರ್ಧ ಜನ ಮದರಾಸಿನ ತಮ್ಮ ತಮ್ಮ ಮನೆಗಳಿಗೇ. ಇಬ್ಬರಿಗೂ ಒಂದು ವರ್ಷ ಐಸೊನಯಾಜಿಡ್ ಮತ್ತು ಪಾಸ್. ಆರೋಗ್ಯಧಾಮದವರಿಗೆ ಹೊಟ್ಟೆ ತುಂಬ ಊಟ, ವಿಶ್ರಾಂತಿ. ಮನೆಯವರಿಗೆ ಗುಡಿಸಲು, ಗಂಜಿ, ಮಕ್ಕಳ ಗದ್ದಲ, ಕೆಲವರಿಗೆ ದುಡಿತ ಕೂಡ. ಮಾತ್ರೆ ನುಂಗಿದರೋ ಇಲ್ಲವೋ ಎಂದು ನೋಡಲು ಸಿಬ್ಬಂದಿ ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು. ವರ್ಷ ಮುಗಿದಾಗ ಆರೋಗ್ಯಧಾಮದ ನೂರಕ್ಕೆ 92 ಮಂದಿ, ಮನೆಯವರಲ್ಲಿ 86 ಮಂದಿ ರೋಗ ತಗ್ಗಿಸಿಕೊಂಡಿದ್ದರು. ಅಂತರ ಅಷ್ಟೇ. ರೋಗಿಯೊಂದಿಗೆ ಒಂದೇ ಸೂರಿನಡಿ ಮಲಗಿದ ಮನೆಮಂದಿಗೆ ಹೆಚ್ಚು ರೋಗ ತಗಲಿತೇ ಎಂದು ಐದು ವರ್ಷ ಹಿಂಬಾಲಿಸಿ ನೋಡಿದರು. ಅದೂ ಇಲ್ಲ. ಕೆಮ್ಮಿದ ಮೊದಲ ತಿಂಗಳುಗಳಲ್ಲೇ, ಗುರುತು ಸಿಗುವ ಮೊದಲೇ, ಅಂಟುವುದು ಅಂಟಿಯಾಗಿರುತ್ತಿತ್ತು.

1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಲೋಕದ ಆರೋಗ್ಯಧಾಮಗಳು ಒಂದೊಂದಾಗಿ ಬಾಗಿಲು ಮುಚ್ಚತೊಡಗಿದವು. ಶ್ರೀಮಂತ ದೇಶಗಳು ಬಡ ದೇಶದ ಪ್ರಯೋಗದಿಂದ ಪಾಠ ಕಲಿತ ಅಪರೂಪದ ಸಂದರ್ಭ ಇದು. ಅದೇ ಮದರಾಸು ಕೇಂದ್ರ ಇನ್ನೊಂದು ವರದಿಯನ್ನೂ ಬರೆಯಿತು: ಗುಣವಾಗಲು ಒಳ್ಳೆಯ ಊಟ ಅನಿವಾರ್ಯವಲ್ಲ, ಸರಿಯಾಗಿ ಮದ್ದು ನುಂಗಿದರೆ ಸಾಕು. ಗುಡಿಸಲಲ್ಲಿ ಅರೆಹೊಟ್ಟೆ ಉಂಡವನೂ ಗುಣವಾಗಿದ್ದನಲ್ಲ! ಕೇಳಿದ ಪ್ರಶ್ನೆಯ ಮಟ್ಟಿಗೆ ಆ ಮಾತು ನಿಜವಾಗಿತ್ತು. ಆದರೆ ಅಧಿಕಾರಿಗಳ ಕಿವಿಗೆ ಅದು ‘ಊಟದ ಚಿಂತೆ ಬಿಡಿ’ ಎಂದೇ ಕೇಳಿಸಿತು ಎಂಬುದು ನನ್ನ ಗುಮಾನಿ.

ಮನೆಯಲ್ಲೇ ಚಿಕಿತ್ಸೆ ಸರಿ. ಆದರೆ ಹಳ್ಳಿಯ ಲಕ್ಷಾಂತರ ರೋಗಿಗಳನ್ನು ಹುಡುಕುವುದು ಹೇಗೆ? ಈ ಪ್ರಶ್ನೆ ಬೆಂಗಳೂರಿನ ಪಾಲಿಗೆ ಬಂತು. ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಬಂಗಲೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರ ಸೆಪ್ಟೆಂಬರ್ 16ರಂದು ನೆಹರೂ ಅದನ್ನು ಉದ್ಘಾಟಿಸಿದರು. ಡೆನ್ಮಾರ್ಕಿನ ಹಾಫ್‌ಡಾನ್ ಮಾಲರ್, ಸ್ಟಿಗ್ ಆಂಡರ್ಸನ್, ನಮ್ಮವರೇ ಆದ ರಾಜ್ ನಾರಾಯಣ್, ದೇಬಬರ್ ಬ್ಯಾನರ್ಜಿ ಮೊದಲಾದವರು ಅಲ್ಲಿ ಸೇರಿದ್ದರು. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜ ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕೂತದ್ದು ಆ ಕಾಲಕ್ಕೆ ಹೊಸದು. ಬ್ಯಾನರ್ಜಿ ವೈದ್ಯಕೀಯ ಓದಿ, ಆಮೇಲೆ ಅಮೆರಿಕದ ಕಾರ್ನೆಲ್‌ನಲ್ಲಿ ಮಾನವಶಾಸ್ತ್ರ ಕಲಿತು ಬಂದಿದ್ದರು.

ಸಂಸ್ಥೆ ಆರಿಸಿಕೊಂಡ ಮೊದಲ ಬಯಲು ತುಮಕೂರು ಜಿಲ್ಲೆ. 1960–61ರಲ್ಲಿ ರಾಜ್ ನಾರಾಯಣ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಮನೆಮನೆ ಎಣಿಸಿ, ಎಕ್ಸ್‌ರೇ ಹಿಡಿದು, ಕಫ ಪರೀಕ್ಷಿಸಿದರು. ಬಂದ ಅಂಕಿ ಮತ್ತೆ ಸಾವಿರಕ್ಕೆ ನಾಲ್ಕರ ಆಸುಪಾಸು. ಇಷ್ಟಾದರೆ ಇದೂ ಒಂದು ಎಣಿಕೆಯಾಗಿ ಕಡತ ಸೇರುತ್ತಿತ್ತು. ತಿರುವು ಬಂದದ್ದು ಬ್ಯಾನರ್ಜಿ ಮತ್ತು ಆಂಡರ್ಸನ್ ಆ ಸಮೀಕ್ಷೆಯ ಹಿಂದೆಯೇ ಹೋದಾಗ.

ಎಕ್ಸ್‌ರೇಯಲ್ಲಿ ರೋಗವಿದೆ ಎಂದು ಕಂಡವರ ಮನೆಗೆ, ಅವರಿಗೆ ಹೋಲುವ ಆರೋಗ್ಯವಂತರ ಮನೆಗೆ, ಸಂದರ್ಶಕರು ಹೋದರು. ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂಬುದನ್ನು ಸಂದರ್ಶಕರಿಗೇ ತಿಳಿಸಿರಲಿಲ್ಲ. ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ, ಎದೆನೋವೇ, ರಕ್ತ ಉಗುಳಿದ್ದೀರಾ, ಇದ್ದರೆ ಚಿಂತೆಯಾಯಿತೇ, ಚಿಂತೆಯಾದರೆ ಏನು ಮಾಡಿದಿರಿ? ಇಷ್ಟೇ ಪ್ರಶ್ನೆ. 34 ಹಳ್ಳಿ, ಪಟ್ಟಣದ ನಾಲ್ಕು ಭಾಗಗಳು.

ಆಗ ಪೇಟೆಯ ಪಂಡಿತರ ತಿಳಿವಳಿಕೆ ಏನಿತ್ತೆಂದರೆ, ಹಳ್ಳಿಯವನು ಮೌಢ್ಯದಲ್ಲಿ ಮುಳುಗಿದವನು, ಕೆಮ್ಮಿಗೆ ಹರಕೆ ಹೊತ್ತು ಕೂರುವವನು, ಮೊದಲು ಅವನಿಗೆ ತಿಳಿವಳಿಕೆ ಕೊಡಬೇಕು. ಆರೋಗ್ಯ ಇಲಾಖೆಗಳ ಭಿತ್ತಿಪತ್ರಗಳೆಲ್ಲ ಈ ನಂಬಿಕೆಯ ಮೇಲೆ ಅಚ್ಚಾಗುತ್ತಿದ್ದವು. ತುಮಕೂರಿನ ಉತ್ತರ ಅದನ್ನು ಅಡಿಮೇಲು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು. ಮುಕ್ಕಾಲುಪಾಲಿನಷ್ಟು ಜನರಿಗೆ ಅದರ ಚಿಂತೆಯೂ ಹತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸರ್ಕಾರಿ ದವಾಖಾನೆಗೋ ಇಂಗ್ಲಿಷ್ ಔಷಧದ ವೈದ್ಯರ ಬಳಿಗೋ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧ. ಕಫ ನೋಡುವ ಸೂಕ್ಷ್ಮದರ್ಶಕ ಅಲ್ಲಿ ಇರಲಿಲ್ಲ, ಇದ್ದರೂ ನೋಡುವವರಿರಲಿಲ್ಲ.

1963ರಲ್ಲಿ ಈ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ತಿರುಳನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ರೋಗಿ ಬಂದಿದ್ದ, ದವಾಖಾನೆಯೇ ಮಲಗಿತ್ತು. ಕರ್ನಾಟಕದ ನೆಲದಲ್ಲಿ ನಡೆದ ವೈದ್ಯಕೀಯ ಸಂಶೋಧನೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದರೆ ನನಗೆ ಚಟ್ಟನೆ ಹೊಳೆಯುವುದಿಲ್ಲ. ತುಮಕೂರಿನವರಿಗೇ ಇದರ ನೆನಪು ಕಡಿಮೆ.

ಇದರಿಂದ ಹೊರಟ ಯೋಜನೆ ಎಕ್ಸ್‌ರೇ ಗಾಡಿಗಳ ಮೆರವಣಿಗೆಯನ್ನು ಕೈಬಿಟ್ಟಿತು. ಕೆಮ್ಮು ಹಿಡಿದು ತಾನಾಗಿ ಬಂದವನ ಕಫವನ್ನು ಅಲ್ಲೇ ನೋಡು, ರೋಗವಿದ್ದರೆ ಅಲ್ಲೇ ಪುಕ್ಕಟೆ ಮಾತ್ರೆ ಕೊಡು, ಕ್ಷಯಕ್ಕೆಂದೇ ಬೇರೆ ಆಸ್ಪತ್ರೆ ಬೇಡ, ಇರುವ ದವಾಖಾನೆಯೇ ಸಾಕು, ಜಿಲ್ಲೆಗೊಂದು ಕೇಂದ್ರ ಇವೆಲ್ಲವನ್ನೂ ನಡೆಸಲಿ. ಮೊದಲ ಮಾದರಿ 1961ರಲ್ಲಿ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ ಹೂಡಿದರು. 1962ರಲ್ಲಿ ಅದೇ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವಾಯಿತು; ಮುಂದೆ ಬಿಜಾಪುರಕ್ಕೂ ಬಂದ ಜಿಲ್ಲಾ ಕ್ಷಯ ಕೇಂದ್ರ ಈ ನಕ್ಷೆಯದ್ದೇ. ಮಾಲರ್ ಜಿನೀವಾಕ್ಕೆ ಮರಳಿ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕನಾದ. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯ ಘೋಷಣೆ ಹೊರಟಾಗ ಅದರ ಹಿಂದೆ ನಿಂತವನು ಅವನೇ. ಆ ಘೋಷಣೆಯಲ್ಲಿ ಬೆಂಗಳೂರಿನ ವರ್ಷಗಳ ಪಾಲೆಷ್ಟು ಎಂದು ಇತಿಹಾಸಕಾರರು ತೂಗಿ ನೋಡುತ್ತಾರೆ. ಪಾಲಿತ್ತು ಎನ್ನುವುದರಲ್ಲಿ ಜಗಳವಿಲ್ಲ.

ಇದೇ ಸಂಸ್ಥೆಯ ಇನ್ನೊಂದು ಅಧ್ಯಯನವನ್ನು ಓದುವಾಗ ಮನಸ್ಸು ಹಿಂಡುತ್ತದೆ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ನಾಲ್ಕು ಸಲ ಸಮೀಕ್ಷೆ ಮಾಡಿದರು. ಸಂಘಟಿತ ಕ್ಷಯ ಕಾರ್ಯಕ್ರಮ ಅಲ್ಲಿಗಿನ್ನೂ ಕಾಲಿಟ್ಟಿರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ಕಂಡ 126 ರೋಗಿಗಳು ಐದು ವರ್ಷದ ಕೊನೆಗೆ ಏನಾದರು? ನೂರಕ್ಕೆ 49 ಮಂದಿ ಸತ್ತಿದ್ದರು, 33 ಮಂದಿ ತಾವಾಗಿಯೇ ಎನ್ನುವಂತೆ ಗುಣವಾಗಿದ್ದರು, 18 ಮಂದಿ ಇನ್ನೂ ರೋಗಾಣು ಉಗುಳುತ್ತಿದ್ದರು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಲು ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಈ ಅಂಕಿಗಳನ್ನೇ ಎತ್ತಿಕೊಳ್ಳುತ್ತವೆ. ಪಕ್ಕದ ಮದರಾಸಿನಲ್ಲಿ ಮಾತ್ರೆಯ ಶಕ್ತಿ ಸಾಬೀತಾಗಿದ್ದ ಮೇಲೆ ಹೀಗೆ ಎಣಿಸುತ್ತ ಹೋಗಬಹುದಿತ್ತೇ? ದೇಶದ ಎಲ್ಲ ಹಳ್ಳಿಗಳ ಗತಿಯೂ ಆಗ ಅದೇ ಆಗಿತ್ತು, ಸಂಶೋಧಕರು ಅದನ್ನು ದಾಖಲಿಸಿದರಷ್ಟೇ ಎಂಬ ಸಮರ್ಥನೆ ಇದೆ. ರೋಗವಿದೆ ಎಂದು ಹೆಸರು ಹಿಡಿದು ಗೊತ್ತಿದ್ದವರ ಮಾತು ಬೇರೆ ಎಂಬ ಆಕ್ಷೇಪವೂ ಇದೆ. ನಾನು ಎರಡನೆಯವರ ಕಡೆ.

ಕಾಗದದ ಮೇಲೆ ಇಷ್ಟು ಜಾಣತನದ ಕಾರ್ಯಕ್ರಮ ನೆಲಕ್ಕಿಳಿದ ಮೇಲೆ ಕುಂಟಿತು. ಅಗ್ಗವೆಂದು ಆರಿಸಿದ ಐಸೊನಯಾಜಿಡ್–ಥಯಾಸಿಟಜೋನ್ ಮಾತ್ರೆಯನ್ನು ವರ್ಷಕ್ಕೂ ಮಿಕ್ಕಿ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತರೆ ಯಾರು ನುಂಗುತ್ತಾರೆ? ದಾಸ್ತಾನು ಮುಗಿದರೆ ಮುಂದಿನ ತಿಂಗಳು ಬರಲು ಹೇಳುತ್ತಿದ್ದರು. ಬಿಜಾಪುರದಂಥ ಜಿಲ್ಲೆಯಲ್ಲಿ ಇನ್ನೊಂದು ತೊಡಕು: ಮಳೆ ಕೈಕೊಟ್ಟ ವರ್ಷ ತಾಂಡಾಗಳೂ ಊರುಗಳೂ ಗಂಟುಮೂಟೆ ಕಟ್ಟಿ ಗೋವಾಕ್ಕೆ, ಮುಂಬೈಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುತ್ತಿದ್ದವು. ಜಿಲ್ಲಾ ಕೇಂದ್ರದ ಕಾರ್ಡಿನಲ್ಲಿ ರೋಗಿಯ ವಿಳಾಸ ಬಬಲೇಶ್ವರದ ಹಳ್ಳಿಯೊಂದರದ್ದು, ರೋಗಿ ಕೊಲ್ಲಾಪುರದ ಕಡೆ.

ಕಾರ್ಯಕ್ರಮ ಕುಂಟಿದ ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1960ರ ದಶಕದ ನಡುವಿನಿಂದ ಕುಟುಂಬ ಯೋಜನೆಯ ಗುರಿಗಳು ಆರೋಗ್ಯ ಕೇಂದ್ರಗಳನ್ನು ನುಂಗಿಹಾಕಿದವು ಎಂದು ಬ್ಯಾನರ್ಜಿ ಕೊನೆಯವರೆಗೂ ವಾದಿಸಿದರು. ಅಷ್ಟರಲ್ಲಿ ಅವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಕೀಯದ ಕೇಂದ್ರ ಕಟ್ಟಿದ್ದರು. ಇಲ್ಲ, ದುರ್ಬಲ ದವಾಖಾನೆಗಳ ಮೇಲೆ ಇಷ್ಟು ಹೊರೆ ಹೊರಿಸಿದ್ದೇ ಮೂಲದ ತಪ್ಪು, ಮೇಲ್ವಿಚಾರಣೆಯನ್ನು ಯೋಜಕರು ಹಗುರವಾಗಿ ತೆಗೆದುಕೊಂಡರು ಎನ್ನುವವರು ಇನ್ನೊಂದು ಕಡೆ. 1992ರಲ್ಲಿ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆ ಕೂಡಿ ಪರಿಶೀಲಿಸಿದಾಗ, ಮದ್ದು ಶುರು ಮಾಡಿದವರಲ್ಲಿ ಅರ್ಧದಷ್ಟು ಜನರೂ ಅದನ್ನು ಮುಗಿಸುತ್ತಿರಲಿಲ್ಲ. ಮೂವತ್ತು ವರ್ಷದ ದುಡಿಮೆಗೆ ಸಿಕ್ಕ ಅಂಕಪಟ್ಟಿ ಅದು.

ಆಮೇಲಿನದು ಓದುಗರಿಗೆ ಗೊತ್ತಿರುವ ಕತೆ. 1993ರಲ್ಲಿ ಪ್ರಯೋಗ, 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ, ಡಾಟ್ಸ್ ಎಂಬ ಹೆಸರು. ರಿಫಾಂಪಿಸಿನ್ ಸೇರಿದ್ದರಿಂದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಪ್ರತಿ ರೋಗಿಯ ಹೆಸರಿಗೆ ಪೂರ್ತಿ ಔಷಧದ ಡಬ್ಬಿ ಮೊದಲೇ ಎತ್ತಿಡುವ ಪದ್ಧತಿ ಬಂತು. ದಾಸ್ತಾನು ಮುಗಿಯಿತೆಂಬ ನೆಪಕ್ಕೆ ಅದು ಬೀಗ ಹಾಕಿತು. ಯಾರದಾದರೂ ಕಣ್ಣೆದುರೇ ಮಾತ್ರೆ ನುಂಗಬೇಕೆಂಬ ನಿಯಮವನ್ನು ಬ್ಯಾನರ್ಜಿ ಕಟುವಾಗಿ ಟೀಕಿಸಿದರು. ರೋಗಿಯನ್ನು ನಂಬದ ಕಾರ್ಯಕ್ರಮ ಎಂಬುದು ಅವರ ದೂರು, ಮತ್ತು ತುಮಕೂರನ್ನು ಕಂಡವರಿಗೆ ಆ ದೂರಿನ ಹಕ್ಕಿತ್ತು.

ಈ ಅವಧಿಯಲ್ಲಿ ಬಿಜಾಪುರದ ಚಿತ್ರವೂ ಬದಲಾಗಿತ್ತು. 1984ರಲ್ಲಿ ಅಲ್ ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಶುರುವಾದವು. ಬಿ.ಎಲ್.ಡಿ.ಇ. ಎಂದರೆ ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಅದರ ವೈದ್ಯಕೀಯ ಕಾಲೇಜಿಗೆ ತಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರ ಹೆಸರಿದೆ. ಮಿರಜದ ದಾರಿ ಹಿಡಿಯದೆ ಊರಲ್ಲೇ ಶ್ವಾಸಕೋಶ ತಜ್ಞರು, ತೀವ್ರ ನಿಗಾ ಘಟಕ, ಕೃತಕ ಉಸಿರಾಟದ ಯಂತ್ರ ಸಿಗುವಂತಾಯಿತು. ಆದರೆ ಕ್ಷಯರೋಗಿ ನಿಗಾ ಘಟಕ ತಲುಪಿದ ಎಂದರೆ ಅದಕ್ಕೂ ಮೊದಲು ಎಷ್ಟೋ ಬಾಗಿಲುಗಳಲ್ಲಿ ಅವನ ಕೆಮ್ಮನ್ನು ಯಾರೂ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

2019–21ರಲ್ಲಿ ದೇಶದಾದ್ಯಂತ ಮತ್ತೆ ಸಮೀಕ್ಷೆ ನಡೆಯಿತು, 1958ರ ನಂತರ ಆ ಬಗೆಯದು ಇದೇ ಮೊದಲು. 15 ವರ್ಷ ದಾಟಿದ ಲಕ್ಷ ಜನರಲ್ಲಿ 316 ಮಂದಿಗೆ ರೋಗಾಣು ಖಚಿತವಾದ ಕ್ಷಯ. ಅದಕ್ಕಿಂತ ಬೆಚ್ಚಿಸಿದ ಅಂಕಿ ಬೇರೆ: ಲಕ್ಷಣಗಳಿದ್ದವರಲ್ಲಿ ನೂರಕ್ಕೆ 64 ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ಎರಡು ಅಧ್ಯಯನಗಳ ಅಳತೆಗೋಲು ಒಂದೇ ಅಲ್ಲ, ನೇರ ಹೋಲಿಕೆ ಸಲ್ಲದು. ಆದರೂ 1960ರ ತುಮಕೂರಿನ ರೈತ ಹೋಗಿ ಬಾಟಲಿ ಔಷಧ ತಂದಿದ್ದ. ಅರವತ್ತು ವರ್ಷ ಬಾಟಲಿ ತಂದ ಮನೆತನಗಳು ಹೋಗುವುದನ್ನೇ ಬಿಟ್ಟರೆ ಆಶ್ಚರ್ಯವೇನು?

ಮದರಾಸು ಬದಿಗೆ ಸರಿಸಿದ್ದ ಊಟದ ಪ್ರಶ್ನೆ ಕೊನೆಗೆ ಮಂಗಳೂರಿನಿಂದ ಎದ್ದು ಬಂತು. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ಪ್ರಯೋಗ ನಡೆಸಿದರು. 2,800 ರೋಗಿಗಳು, ಅವರ ಮನೆಯ 10,345 ಮಂದಿ. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕಿಲೋ ಪಡಿತರ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆ ಮನೆಮಂದಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಪಡಿತರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು, ಹರಡುವ ಬಗೆಯ ಕ್ಷಯ 48ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವೂ ಇಳಿದಿತ್ತು. 2023ರ ಆಗಸ್ಟಿನಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕೈಜೋಡಿಸಿದ್ದವರಲ್ಲಿ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೂ ಒಂದು. ಅದು ಬೇರೆ ಯಾವುದೂ ಅಲ್ಲ, 1956ರ ಆ ಮದರಾಸು ಕೇಂದ್ರವೇ.

ಎರಡು ಫಲಿತಾಂಶಗಳಿಗೆ ಜಗಳವಿಲ್ಲ. ಮದರಾಸು ಕೇಳಿದ್ದು, ರೋಗ ಬಂದವನು ಅರೆಹೊಟ್ಟೆಯಲ್ಲೂ ಗುಣವಾಗುತ್ತಾನೆಯೇ ಎಂದು. ಜಾರ್ಖಂಡಿನಲ್ಲಿ ಕೇಳಿದ್ದು, ಹೊಟ್ಟೆ ತುಂಬಿದವನಿಗೆ ರೋಗ ಬರುತ್ತದೆಯೇ ಎಂದು. 1876–78ರ ಬರವನ್ನು, ಆಮೇಲಿನ ಎಷ್ಟೋ ಬರಗಳನ್ನು ಉಂಡ ಜಿಲ್ಲೆಗೆ ಎರಡನೆಯ ಪ್ರಶ್ನೆಯೇ ಹತ್ತಿರದ್ದು. ಸರ್ಕಾರ 2018ರಿಂದ ಪ್ರತಿ ರೋಗಿಗೆ ತಿಂಗಳಿಗೆ 500 ರೂಪಾಯಿ ಪೋಷಣೆಯ ಹಣ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಭಾರ್ಗವ ತಂಡದ ಲೆಕ್ಕದಲ್ಲಿ 30 ಮನೆಗಳಿಗೆ ಪಡಿತರ ಕೊಟ್ಟರೆ ಒಂದು ಹೊಸ ಕ್ಷಯ ತಪ್ಪುತ್ತದೆ. ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಅಕ್ಕಿಯ ಬದಲು ಜೋಳ, ತೊಗರಿಬೇಳೆ, ಶೇಂಗಾ ಇಟ್ಟು ಇದೇ ಲೆಕ್ಕವನ್ನು ಹಾಕಿ ನೋಡಲು ಬೇಕಾದ ವೈದ್ಯರು, ಕಾಲೇಜುಗಳು, ಪ್ರಯೋಗಾಲಯಗಳು ಈಗ ವಿಜಯಪುರದಲ್ಲೇ ಇವೆ.